ಬಿಟ್ಟ ಸೊಪ್ಪಿನ ಋಣ

ಕೂಳೂರಿನಲ್ಲಿ ನಿಂತು ಕುರಿ ಮೇಯಿಸುವ ಮಾತೆತ್ತಿದರೆ ಕೇಳಿದವರು ನಕ್ಕಾರು. ಫಲ್ಗುಣಿ ಹೊಳೆ ಕಡಲಿಗೆ ಹತ್ತಿರವಾಗುವ ಈ ನೆಲದಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ ಸುರಿಯುತ್ತದೆ. ಇಲ್ಲಿ ಕುರಿ ಕಟ್ಟಿದರೆ ಮೈಮೇಲಿನ ಉಣ್ಣೆ ಒಣಗುವ ಮೊದಲೇ ಗೊರಸು ಕೊಳೆತೀತು. ಬೀಟ್‌ರೂಟ್ ಕೂಡ ಇಲ್ಲಿಯದಲ್ಲ. ಅದು ಘಟ್ಟ ಇಳಿದು ಲಾರಿಯಲ್ಲಿ ಬರುತ್ತದೆ, ಕುರಿಯೂ ಅದೇ ಘಾಟಿ ರಸ್ತೆಯಲ್ಲಿ ಇನ್ನೊಂದು ಲಾರಿ ಹತ್ತಿ ಬರುತ್ತದೆ, ಎರಡೂ ಕೊನೆಗೆ ಮಂಗಳೂರಿನ ಅಡುಗೆಮನೆ ಸೇರುತ್ತವೆ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗೆಡ್ಡೆ ಕಿತ್ತ ಹೊಲದಲ್ಲಿ ಬಿದ್ದಿರುವ ಬೀಟ್‌ರೂಟ್ ಸೊಪ್ಪಿಗೆ ಮಂದೆಯೊಂದು ಬಾಯಿ ಹಾಕುವ ಹೊತ್ತಿನಲ್ಲಿ ಏಳುವ ಪ್ರಶ್ನೆ ಘಟ್ಟದ ಮೇಲೇ ಉಳಿಯುವಂಥದ್ದಲ್ಲ. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದದ್ದು ಯಾರದು ಎಂಬುದು ಹಳೆಯ ಪ್ರಶ್ನೆ. ಅದಕ್ಕೆ ಧರ್ಮಗಳು ಉತ್ತರ ಕೊಟ್ಟಿವೆ. ಉಳಿದದ್ದನ್ನು ತಿಂದ ಜೀವಕ್ಕೆ ಕೇಡಾದರೆ ಅದು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆಯ ಕಡೆಗೆ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ. ಬಿಟ್ಟುಕೊಟ್ಟದ್ದರ ಮೇಲಿನ ಹಕ್ಕು ಹೊಲದ ಯಜಮಾನನ ಕೈಬಿಟ್ಟರೂ ಅದರ ಹೊಣೆ ಅವನ ಕೈಬಿಡುವುದಿಲ್ಲ ಎಂಬುದು ನನ್ನ ವಾದ. ಕುರಿ ಕಾಯುವವನಿಗೂ ಅದರಲ್ಲಿ ಪಾಲಿದೆ, ಆದರೆ ಆ ಪಾಲು ಯಜಮಾನನ ಪಾಲನ್ನು ಅಳಿಸುವುದಿಲ್ಲ.

ಹಳೆಯ ಉತ್ತರಗಳನ್ನು ಮೊದಲು ನೋಡೋಣ. ಹೊಲದ ಅಂಚಿನವರೆಗೂ ಬಳಿದು ಕೊಯ್ಯಬೇಡ, ಬಿದ್ದ ತೆನೆಯನ್ನು ಆಯಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎನ್ನುತ್ತದೆ ಬೈಬಲಿನ ಯಾಜಕಕಾಂಡ. ವಿಧವೆ ರೂತಳು ಬೋವಜನ ಹೊಲದಲ್ಲಿ ತೆನೆ ಆಯ್ದು ಅತ್ತೆಯನ್ನು ಸಾಕಿದ್ದು ಇದೇ ಕಟ್ಟಳೆಯ ಬಲದಿಂದ. ನಮ್ಮ ಸ್ಮೃತಿಗಳಲ್ಲಿ ಇದರ ಹೆಸರು ಉಂಛವೃತ್ತಿ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಜೀವನೋಪಾಯಗಳಿಗೆ ಹೆಸರಿಡುವಾಗ ಹೊಲದಲ್ಲಿ ಉಳಿದ ಕಾಳು ಆಯ್ದು ಬದುಕುವುದನ್ನು ಋತ ಎಂದು ಕರೆದು, ಬೇಡಿ ತಿನ್ನುವುದನ್ನು ಮೃತ ಎಂದು, ಉತ್ತು ಬೆಳೆಯುವುದನ್ನೇ ಪ್ರಮೃತ ಎಂದು ಕರೆಯುತ್ತದೆ. ಉಳುವವನು ನೆಲದ ಹುಳುಹುಪ್ಪಟೆಯನ್ನು ಕೊಲ್ಲುತ್ತಾನೆ, ಆಯುವವನು ಯಾರನ್ನೂ ಕೊಲ್ಲುವುದಿಲ್ಲ ಎಂಬ ಲೆಕ್ಕ ಅದರ ಹಿಂದಿದೆ. ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ ಅರ್ಧ ಮೈ ಚಿನ್ನವಾದ ಮುಂಗುಸಿ ಯುಧಿಷ್ಠಿರನ ಯಾಗವನ್ನೇ ಹೀಗಳೆಯುವುದು, ಆಯ್ದ ಕಾಳಿನ ಹಿಟ್ಟನ್ನು ಅತಿಥಿಗೆ ಬಡಿಸಿದ ಒಂದು ಸಂಸಾರವನ್ನು ನೆನೆದು. ಅಥರ್ವವೇದದ 11ನೆಯ ಕಾಂಡದಲ್ಲಂತೂ ಒಂದು ಇಡೀ ಸೂಕ್ತ ಉಚ್ಛಿಷ್ಟಕ್ಕೇ ಮೀಸಲು. ಉಳಿದದ್ದರ ಮೇಲೆಯೇ ಲೋಕ ನಿಂತಿದೆ ಎಂಬ ಧ್ವನಿ ಅದರದು. ಕನ್ನಡದವರಿಗೆ ಇದೆಲ್ಲಕ್ಕಿಂತ ಹತ್ತಿರದವನು ಆಯ್ದಕ್ಕಿ ಮಾರಯ್ಯ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದೇ ಅವನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಎಂಬ ಕಥೆ ಎಲ್ಲರಿಗೂ ಗೊತ್ತು.

ಈ ಕಥೆಯನ್ನು ನಾವು ಅತಿಯಾಸೆಯ ವಿರುದ್ಧದ ಪಾಠವಾಗಿ ಮಾತ್ರ ಓದುತ್ತ ಬಂದಿದ್ದೇವೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಬಂದ ಶೇಷವನ್ನು ಮೊರಕ್ಕೆ ಹಾಕಿ ನೋಡಿದವಳೊಬ್ಬಳು ಆ ಮನೆಯಲ್ಲಿದ್ದಳು. ಉಳಿದದ್ದು ಎಂದ ಮಾತ್ರಕ್ಕೆ ಅದು ಶುದ್ಧ, ಪುಕ್ಕಟೆ, ಪ್ರಶ್ನೆಗೆ ಹೊರತು ಎಂದು ಅವಳು ಒಪ್ಪಲಿಲ್ಲ. ಮೇಲೆ ಹೇಳಿದ ಎಲ್ಲ ಪಠ್ಯಗಳಲ್ಲೂ ಆಯುವವರು ಮನುಷ್ಯರು, ಆಯುವ ವಸ್ತು ಕಾಳು. ಕಾಳು ತಿಂದವರಿಗೆ ಕೇಡಿಲ್ಲ, ಆಯುವವರಿಗೆ ಕಣ್ಣೂ ಬುದ್ಧಿಯೂ ಇದೆ. ಆದ್ದರಿಂದ ಕೊಡುವವನ ಉದಾರತೆ, ಕೊಳ್ಳುವವನ ಮಿತಿ, ಇವೆರಡನ್ನು ಹೇಳಿ ಧರ್ಮಶಾಸ್ತ್ರ ಸುಮ್ಮನಾಗಬಹುದಿತ್ತು. ಆಯುವ ಜೀವಕ್ಕೆ ನಾಲ್ಕು ಕಾಲಿದ್ದು ಆಯುವ ವಸ್ತು ಬೀಟ್‌ರೂಟ್ ಸೊಪ್ಪಾದಾಗ ಈ ಎರಡರಿಂದ ಕೆಲಸ ಆಗುವುದಿಲ್ಲ.

ಯಾಕೆಂದು ಸ್ವಲ್ಪ ವಿವರವಾಗಿ ನೋಡಬೇಕು. ಬೀಟ್‌ರೂಟ್, ಸಕ್ಕರೆ ಬೀಟ್ ಎರಡರ ಎಲೆಯಲ್ಲೂ ಆಕ್ಸಾಲಿಕ್ ಆಮ್ಲ ಹೇರಳ. ಹಸಿದ ಕುರಿ ಇದ್ದಕ್ಕಿದ್ದಂತೆ ಹಸಿ ಸೊಪ್ಪನ್ನು ಹೊಟ್ಟೆ ತುಂಬ ಮೇದರೆ ಆ ಆಮ್ಲ ರಕ್ತದ ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ಕಾಲು ನಡುಗಿ, ಹೆಜ್ಜೆ ತಪ್ಪಿ, ಪ್ರಾಣಿ ನೆಲ ಹಿಡಿಯುತ್ತದೆ. ಬದುಕಿದರೂ ಮೂತ್ರಪಿಂಡದಲ್ಲಿ ಹರಳು ಕಟ್ಟಿ ಕೆಲವು ದಿನ ಬಿಟ್ಟು ಸಾಯಬಹುದು. ಗಬ್ಬದ ಕುರಿ, ಹಾಲೂಡುವ ಕುರಿಗಳಿಗೆ ಸುಣ್ಣದ ಅಂಶ ಮೊದಲೇ ಸಾಲದಿರುವುದರಿಂದ ಅಪಾಯ ಇನ್ನೂ ಹೆಚ್ಚು. ಯೂರಿಯಾ ಧಾರಾಳವಾಗಿ ಸುರಿದ ಹೊಲವಾದರೆ ಎಲೆಯಲ್ಲಿ ನೈಟ್ರೇಟ್ ಕೂಡಿಕೊಂಡಿರುತ್ತದೆ. ಅದು ಕುರಿಯ ಮೇವುಚೀಲದಲ್ಲಿ ನೈಟ್ರೈಟ್ ಆಗಿ ಮಾರ್ಪಟ್ಟು ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಇಲ್ಲದಂತೆ ಮಾಡುತ್ತದೆ, ರಕ್ತದ ಬಣ್ಣ ಕಂದಾಗುತ್ತದೆ. ನೆಲದಲ್ಲಿ ಉಳಿದ ಗೆಡ್ಡೆಯ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಎಲೆಗೆ ಮೆತ್ತಿದ ಮಣ್ಣು ಭೇದಿ ತರುತ್ತದೆ. ಇಷ್ಟೆಲ್ಲ ಇದ್ದೂ ಇದೇ ಸೊಪ್ಪು ಒಳ್ಳೆಯ ಮೇವೇ, ತಿನ್ನಿಸುವ ಕ್ರಮ ಗೊತ್ತಿದ್ದರೆ. ಸೊಪ್ಪನ್ನು ಕೆಲವು ದಿನ ಹೊಲದಲ್ಲೇ ಬಾಡಲು ಬಿಡಬೇಕು. ಮಂದೆಯನ್ನು ಬಿಡುವ ಮೊದಲು ಒಣಹುಲ್ಲು ತಿನ್ನಿಸಿರಬೇಕು. ಮೊದಲ ದಿನಗಳಲ್ಲಿ ಗಂಟೆ ಹೊತ್ತು ಮೇಯಿಸಿ ಹೊರಗೆ ಹೊಡೆದು, ವಾರ ಹತ್ತು ದಿನದಲ್ಲಿ ಹೊತ್ತು ಹೆಚ್ಚಿಸುತ್ತ ಹೋಗಬೇಕು. ಯೂರೋಪಿನ ರೈತರು ಸೊಪ್ಪಿನ ಮೇಲೆ ಸುಣ್ಣಕಲ್ಲಿನ ಪುಡಿ ಉದುರಿಸುವ ವಾಡಿಕೆ ಇಟ್ಟುಕೊಂಡಿದ್ದರು. ನಮ್ಮ ಎಲೆಯಡಿಕೆಯ ಸುಟ್ಟ ಸುಣ್ಣವಲ್ಲ, ಸುಡದ ಕಲ್ಲಿನ ಪುಡಿ. ಹೊಟ್ಟೆಯೊಳಗೆ ಆ ಆಮ್ಲವನ್ನೇ ತಿಂದು ಬದುಕುವ ಒಂದು ಸೂಕ್ಷ್ಮಾಣು ಇದೆ, 1985ರಲ್ಲಿ ಅದಕ್ಕೆ ಆಕ್ಸಲೋಬ್ಯಾಕ್ಟರ್ ಎಂದು ಹೆಸರಿಟ್ಟರು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸೊಪ್ಪು ಸಿಕ್ಕರೆ ಅದು ಬೆಳೆದು ಕುರಿಯನ್ನು ಕಾಯುತ್ತದೆ. ಒಂದೇ ಬೆಳಗ್ಗೆ ಎಲ್ಲ ಸಿಕ್ಕರೆ ಅದಕ್ಕೆ ಬೆಳೆಯುವ ಪುರಸೊತ್ತಿರುವುದಿಲ್ಲ. ಅಂದರೆ ವಿಷ ಇರುವುದು ಎಲೆಯಲ್ಲಿ ಎಷ್ಟೋ, ಆತುರದಲ್ಲಿ ಅಷ್ಟೇ.

ಇದು ಬೀಟ್‌ರೂಟಿನ ಕಥೆ ಮಾತ್ರವಲ್ಲ. ಪೈರು ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟಿಗೆ ಕನ್ನಡದಲ್ಲಿ ಕೂಳೆ ಎನ್ನುತ್ತೇವೆ. (ಕೂಳೂರು ಎಂಬ ಹೆಸರಿನಲ್ಲಿ ಕೂಳೂ ಕೇಳಿಸುತ್ತದೆ, ಕೂಳೆಯೂ ಕೇಳಿಸುತ್ತದೆ. ಊರ ಹೆಸರಿನ ಮೂಲ ಅದೆಂದು ಹೇಳುತ್ತಿಲ್ಲ, ಕಿವಿಗೆ ಹಾಗೆ ಬೀಳುತ್ತದೆ ಅಷ್ಟೆ.) ಜೋಳದ ಕೂಳೆ ಒಂದು ಮಳೆಗೆ ಮತ್ತೆ ಚಿಗುರಿದರೆ ಆ ಎಳೆ ಚಿಗುರಿನಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಬರದಲ್ಲಿ ಬಾಡಿದ ಚಿಗುರಾದರೆ ಕುರಿ ನಿಂತ ನಿಲುವಿನಲ್ಲೇ ಉರುಳುತ್ತದೆ. ಬೀಟ್‌ರೂಟ್ ಸೊಪ್ಪಿಗೆ ಬಾಡಿಸುವುದು ಹಿತ, ಜೋಳದ ಚಿಗುರಿಗೆ ಬಾಡಿದ್ದೇ ಕೇಡು. ಒಂದು ಹೊಲದ ತಿಳಿವಳಿಕೆ ಇನ್ನೊಂದು ಹೊಲಕ್ಕೆ ಹೊಂದದು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷ ಮೀರಿತ್ತು. ಬೆಳಗಾವಿ, ಬಾಗಲಕೋಟೆ, ಚಿತ್ರದುರ್ಗದ ಕಡೆಯ ಕುರಿಗಾಹಿಗಳು ಕಂಬಳಿ ಹೆಗಲಿಗೇರಿಸಿ, ಬೀರಪ್ಪನನ್ನೋ ಮೈಲಾರಲಿಂಗನನ್ನೋ ನೆನೆದು, ಕೊಯ್ಲು ಮುಗಿದ ಹೊಲಗಳನ್ನು ಹುಡುಕಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ನಡೆಯುತ್ತಾರೆ. ರಾತ್ರಿ ಮಂದೆ ಕೂರಿಸಿದ ಹೊಲಕ್ಕೆ ಹಿಕ್ಕೆ, ಗಂಜಲದ ಗೊಬ್ಬರ. ಅದಕ್ಕೆ ಯಜಮಾನನಿಂದ ಕಾಳೋ ಕಾಸೋ. ಹಾಗಾಗಿ ಇಲ್ಲಿ ದಾನಿ ಯಾರು, ಪಡೆಯುವವರು ಯಾರು ಎಂದು ಗೆರೆ ಎಳೆಯುವುದೇ ಕಷ್ಟ. ಹೊಲ ಕುರಿಗೆ ಉಣಿಸುತ್ತದೆ, ಕುರಿ ಹೊಲಕ್ಕೆ ಉಣಿಸುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಇಬ್ಬರು ಮನುಷ್ಯರು ಮಾತಾಡಿ ಒಪ್ಪಂದ ಮಾಡಿಕೊಳ್ಳುತ್ತಾರೆ. ತಿನ್ನುವ ಬಾಯಿ ಮಾತ್ರ ಒಪ್ಪಂದದ ಹೊರಗಿರುತ್ತದೆ.

ಕೇಡಿನ ಹೊಣೆ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ನನಗೆ ಅತ್ಯಂತ ನಿಖರವಾದ ಅಳತೆಗೋಲು ಸಿಗುವುದು ಜೈನರಲ್ಲಿ. ಕೂಳೂರಿನಿಂದ ಒಂದೆರಡು ಗಂಟೆಯೊಳಗೆ ತಲುಪಬಹುದಾದ ಮೂಡುಬಿದಿರೆಯ ಬಸದಿಗಳ ಸಂಪ್ರದಾಯ ಮಾನ್ಯ ಮಾಡುವ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹರಣವನ್ನು ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ ಕಟ್ಟಿಹಾಕುತ್ತದೆ. ಕೊಲ್ಲುವ ಮನಸ್ಸಿತ್ತೇ ಎಂದಷ್ಟೇ ಅದು ಕೇಳುವುದಿಲ್ಲ, ನೋಡಬೇಕಾದ್ದನ್ನು ನೋಡಿದೆಯಾ ಎಂದೂ ಕೇಳುತ್ತದೆ. ಅದೇ ಗ್ರಂಥ ಅಹಿಂಸಾವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು. ಈ ಐದೂ ಗೃಹಸ್ಥನ ಕೊಟ್ಟಿಗೆಯಲ್ಲಿ ನಡೆಯುವಂಥವು. ಕಾಡುಮೃಗದ ಪ್ರಸ್ತಾಪ ಅಲ್ಲಿಲ್ಲ. ನಮ್ಮ ಹಿಡಿತದಲ್ಲಿರುವ ಪ್ರಾಣಿಯ ಬಗ್ಗೆ ನಮ್ಮ ಹೊಣೆ ಹೆಚ್ಚು ಎಂಬ ತಿಳಿವಳಿಕೆ ಆ ಪಟ್ಟಿಯಲ್ಲೇ ಅಡಗಿದೆ. ಅನ್ನನೀರು ತಡೆಯುವುದು ತಪ್ಪಾದರೆ, ತಿನ್ನಬಾರದ್ದನ್ನು ತಿನ್ನಬಾರದ ಹೊತ್ತಿನಲ್ಲಿ ಮುಂದೆ ಒಡ್ಡುವುದು ಅದರ ತಿರುವುಮುರುವು ರೂಪವಷ್ಟೇ. ಇಸ್ಲಾಮಿನಲ್ಲೂ ಇದಕ್ಕೆ ಸರಿಸಾಟಿಯಾದ ನೆಲೆಗಳಿವೆ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ನೆಲದ ಹುಳುಹುಪ್ಪಟೆ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸು ನರಕಕ್ಕೆ ಹೋದಳೆಂಬ ಹದೀಸ್ ಪ್ರಸಿದ್ಧ. ಕುರ್‌ಆನಿನ 21ನೆಯ ಅಧ್ಯಾಯದಲ್ಲಿ, ರಾತ್ರಿ ಹೊತ್ತು ಇನ್ನೊಬ್ಬರ ಹೊಲಕ್ಕೆ ನುಗ್ಗಿ ಮೇದ ಕುರಿಗಳ ವ್ಯಾಜ್ಯ ದಾವೂದ್, ಸುಲೈಮಾನರ ಮುಂದೆ ಬಂದ ಪ್ರಸಂಗವಿದೆ. ವ್ಯಾಖ್ಯಾನಕಾರರು ಹೇಳುವಂತೆ ಸುಲೈಮಾನರ ತೀರ್ಪು ಹೀಗಿತ್ತು: ಕುರಿಯವನು ಹೊಲವನ್ನು ಮೊದಲಿನಂತೆ ಮಾಡಿಕೊಡಲಿ, ಅಲ್ಲಿಯವರೆಗೆ ಹೊಲದವನು ಕುರಿಗಳ ಹಾಲು, ಉಣ್ಣೆ ಬಳಸಿಕೊಳ್ಳಲಿ. ಕುರಿ ಹೊಲಕ್ಕೆ ಮಾಡಿದ ಕೇಡಿಗೆ ಇಷ್ಟು ಸೂಕ್ಷ್ಮವಾದ ನ್ಯಾಯ ಇದ್ದ ಮೇಲೆ, ಹೊಲ ಕುರಿಗೆ ಮಾಡುವ ಕೇಡಿಗೂ ಒಂದು ನ್ಯಾಯ ಬೇಡವೇ?

ಇದಕ್ಕೆ ಆಕ್ಷೇಪಗಳು ಸಾಕಷ್ಟಿವೆ, ಅವು ಹಗುರವಾದುವೂ ಅಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂದು ನಮ್ಮ ಹಿರಿಯರೇ ಹೇಳಿದ್ದಾರಲ್ಲ ಎಂದು ಯಾರಾದರೂ ಕೇಳಿಯಾರು. ಆ ಗಾದೆ ಇರುವುದು ಪಡೆಯುವವನಿಗೆ. ಪಡೆಯುವವನು ಹಲ್ಲು ಎಣಿಸಬಾರದು, ಸರಿ. ಕೊಡುವವನು ಎಣಿಸಬಾರದು ಎಂದು ಯಾವ ಗಾದೆ ಹೇಳಿದೆ? ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಪ್ರಾಣಿಗೆ ತನಗೆ ಆಗುವುದು ಆಗದ್ದು ಗೊತ್ತು, ಮನುಷ್ಯ ಅದರ ನಡುವೆ ತಲೆಹಾಕಬಾರದು. ಇದರಲ್ಲಿ ಅರ್ಧ ನಿಜವಿದೆ. ಕುರಿಗಳು ತಿಂದ ಮೇಲೆ ಹೊಟ್ಟೆಗಾದ ಸಂಕಟವನ್ನು ಆ ಸೊಪ್ಪಿನ ರುಚಿಗೆ ಜೋಡಿಸಿ ನೆನಪಿಟ್ಟುಕೊಳ್ಳುತ್ತವೆ, ಮರಿಗಳು ತಾಯಿಯನ್ನು ನೋಡಿ ಕಲಿಯುತ್ತವೆ ಎಂದು ಅಮೆರಿಕದ ಯೂಟಾದಲ್ಲಿ ಫ್ರೆಡ್ ಪ್ರಾವೆಂಜ಼ಾ ಮತ್ತು ಸಂಗಡಿಗರು ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಆದರೆ ಕಲಿಯಬೇಕಾದರೆ ಸ್ವಲ್ಪ ತಿಂದು ಬದುಕಿರಬೇಕು. ಹತ್ತಾರು ಮೈಲಿ ನಡೆಸಿ ಹಸಿವಿನಲ್ಲಿ ತಂದ ಮಂದೆ ಎಂದೂ ಕಾಣದ ಸೊಪ್ಪಿನ ಮುಂದೆ ನಿಂತಾಗ ಕಲಿಕೆಗೆ ಎಡೆಯೇ ಇಲ್ಲ. ಬೀಟ್‌ರೂಟ್ ಹೊಲವನ್ನು ಮಾಡಿದವನು ಮನುಷ್ಯ, ಕುರಿಯನ್ನು ಅಲ್ಲಿಗೆ ನಡೆಸಿದವನೂ ಮನುಷ್ಯ. ಅಷ್ಟು ದೂರ ನಡುವೆ ತಲೆಹಾಕಿದ ಮೇಲೆ ಕೊನೆಯ ಹೆಜ್ಜೆಯಲ್ಲಿ ಪ್ರಕೃತಿಯ ಹೆಸರು ಹೇಳಿ ಕೈಕಟ್ಟುವುದು ಜಾಣತನ, ಧರ್ಮವಲ್ಲ.

ಹೇಗಿದ್ದರೂ ಕಟುಕನ ಕೈಗೆ ಹೋಗುವ ಪ್ರಾಣಿ, ಅದರ ಹೊಟ್ಟೆನೋವಿಗೆ ಇಷ್ಟೇಕೆ ತಲೆಬಿಸಿ ಎಂಬುದು ಮೂರನೆಯ ಮಾತು. ಮಾಂಸ ತಿನ್ನುವುದು ತಪ್ಪೋ ಸರಿಯೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಅದಕ್ಕೆ ಇಳಿಯದೆಯೂ ಈ ಮಾತನ್ನು ತಳ್ಳಿಹಾಕಬಹುದು. ಕೊಲ್ಲುವುದನ್ನು ಒಪ್ಪಿದ ಧರ್ಮಗಳೇ ಕೊಲ್ಲುವ ಕ್ರಮದ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಟ್ಟುನಿಟ್ಟು. ಕತ್ತಿಯನ್ನು ಪ್ರಾಣಿಯ ಕಣ್ಣೆದುರು ಮಸೆಯಬಾರದು ಎಂದು ಹೇಳುವ ಸಂಪ್ರದಾಯಕ್ಕೆ, ಅದು ಬದುಕಿರುವಷ್ಟು ದಿನದ ಹೊಟ್ಟೆ ಲೆಕ್ಕಕ್ಕಿಲ್ಲ ಎಂದು ಯಾರೂ ಹೇಳಲಾರರು. ಕುರಿಗಾಹಿಗಂತೂ ಒಂದು ಕುರಿಯ ಸಾವು ಮನೆಯ ದುಡ್ಡು. ಆರು ತಿಂಗಳು ದಾಟಿದ ಕುರಿ ಆಕಸ್ಮಿಕವಾಗಿ ಸತ್ತರೆ ₹5,000 ಪರಿಹಾರ ಎಂದು ಆರಂಭವಾದ ರಾಜ್ಯ ಸರ್ಕಾರದ ಯೋಜನೆಗೆ ಇಟ್ಟ ಹೆಸರು ‘ಅನುಗ್ರಹ’. ಅನುಗ್ರಹ ದೇವರು ಕೊಡುವಂಥದ್ದು, ಲೆಕ್ಕ ಕೇಳದೆ ಕೊಡುವಂಥದ್ದು. ಸತ್ತ ಮೇಲೆ ಬರುವ ಹಣಕ್ಕೆ ಆ ಹೆಸರು ತುಸು ಭಾರವಾಯಿತೇನೋ.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವುದು ನಾಲ್ಕನೆಯ ಆಕ್ಷೇಪ. ಹೊಣೆಯನ್ನು ರೈತನ ತಲೆಗೆ ಕಟ್ಟಿದರೆ ಅವನು ಕೊಡುವುದನ್ನೇ ನಿಲ್ಲಿಸುತ್ತಾನೆ. ಸೊಪ್ಪು ಬಾಡಲಿ ಎಂದು ವಾರ ಕಾಯುವ ಬದಲು ಟ್ರ್ಯಾಕ್ಟರ್ ತರಿಸಿ ಮಣ್ಣಿಗೆ ಹೂಳಿ ಮುಂದಿನ ಬೆಳೆ ಹಾಕುತ್ತಾನೆ. ಶೇಷಕ್ಕೆ ಷರತ್ತು ಸೇರಿದ ಕ್ಷಣ ಅದು ಬಡವನ ಪಾಲಿಗೆ ಇಲ್ಲವಾಗುತ್ತದೆ. ಯಾಜಕಕಾಂಡವೂ ಸ್ಮೃತಿಯೂ ಅದನ್ನು ಷರತ್ತಿಲ್ಲದೆ ಬಿಟ್ಟದ್ದು ಅದಕ್ಕೇ ಇರಬಹುದು. ಇದು ಒಪ್ಪತಕ್ಕ ಭಯ. ಆದರೆ ಹೊಣೆ ಎಂದರೆ ದಂಡವೇ ಆಗಬೇಕಿಲ್ಲ, ಎಷ್ಟೋ ಸಲ ಅದು ಬರೀ ಒಂದು ಮಾತು. ಈ ಹೊಲಕ್ಕೆ ಯಾವಾಗ ಯೂರಿಯಾ ಹಾಕಿದೆ, ಯಾವ ಔಷಧಿ ಹೊಡೆದು ಎಷ್ಟು ದಿನವಾಯಿತು, ಗೆಡ್ಡೆ ಕಿತ್ತದ್ದು ಎಂದು: ಇದು ಯಜಮಾನನಿಗೆ ಮಾತ್ರ ಗೊತ್ತಿರುವ ವಿಷಯ. ಸೊಪ್ಪು ಬಾಡಿದೆಯೇ, ಮಂದೆ ಹಸಿದಿದೆಯೇ, ಗಬ್ಬದವು ಯಾವುವು ಎಂಬುದು ಕುರಿಗಾಹಿಗೆ ಮಾತ್ರ ಗೊತ್ತು. ಅವನ ತಿಳಿವಳಿಕೆ ಎಷ್ಟೇ ಹಳೆಯದಾದರೂ ಎಲೆಯನ್ನು ಮೂಸಿ ಕೀಟನಾಶಕದ ಹೆಸರು ಹೇಳಲಾರ. ಔಷಧಿಯ ಡಬ್ಬದ ಮೇಲೆ ಬರೆದಿರುವ ಕಾಯಬೇಕಾದ ದಿನಗಳ ಲೆಕ್ಕ ಕೂಡ ಮಾರುಕಟ್ಟೆಗೆ ಹೋಗುವ ಫಸಲನ್ನು ಉದ್ದೇಶಿಸಿದ್ದು. ಗೆಡ್ಡೆ ನೆಲದೊಳಗಿತ್ತು, ಔಷಧಿ ಬಿದ್ದದ್ದು ಎಲೆಯ ಮೇಲೆ. ತಿನ್ನುವವರ ಪಟ್ಟಿಯಲ್ಲಿ ಎಲೆ ತಿನ್ನುವವರ ಹೆಸರೇ ಇಲ್ಲ. ಈ ಇಲ್ಲದ ಹೆಸರನ್ನು ನೆನಪಿಟ್ಟುಕೊಂಡು ಎರಡು ಮಾತು ಹೇಳುವುದಕ್ಕೆ ರೈತನಿಗೆ ದುಡ್ಡೂ ಖರ್ಚಾಗದು, ದಿನವೂ ಹಾಳಾಗದು.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ವೈಶ್ವದೇವದ ಬಲಿಯ ವಿಧಿ ಬರುತ್ತದೆ. ನಾಯಿಗೆ, ಕಾಗೆಗೆ, ಹುಳುಗಳಿಗೆ ಅನ್ನವನ್ನು ನೆಲದ ಮೇಲೆ ಮೆಲ್ಲಗೆ ಇಡಬೇಕು ಎಂದು ಅದು ಹೇಳುತ್ತದೆ. ಮೆಲ್ಲಗೆ ಎಂದದ್ದು ಯಾಕೆ? ಧೂಳು ಹತ್ತದಿರಲಿ ಎಂದು ವ್ಯಾಖ್ಯಾನ. ಅದೇ ಶ್ಲೋಕ ಕೆಲವು ಮನುಷ್ಯರನ್ನೂ ರೋಗಿಗಳನ್ನೂ ನಾಯಿ ಕಾಗೆಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಆ ಅಪಮಾನವನ್ನು ಮರೆತು ಅದನ್ನು ಹೊಗಳಲು ಸಾಧ್ಯವಿಲ್ಲ. ಶೇಷವನ್ನು ಯಾರಿಗೆ ಕೊಡಬೇಕೆಂದು ಹೇಳುವ ನೆಪದಲ್ಲಿ ಯಾರು ಶೇಷಕ್ಕಷ್ಟೇ ಯೋಗ್ಯರು ಎಂದು ನಿರ್ಧರಿಸುವ ಚಾಳಿ ನಮ್ಮ ಸಮಾಜದಲ್ಲಿ ಎಷ್ಟು ಆಳವೆಂಬುದಕ್ಕೆ ಆ ಸಾಲು ಸಾಕ್ಷಿ. ಹಾಗಿದ್ದೂ ಕಾಗೆಯ ತುತ್ತಿಗೆ ಮಣ್ಣು ತಾಗಬಾರದೆಂಬ ಆ ಒಂದು ಎಚ್ಚರ ನನಗೆ ಬೇಕು. ಕೊಡುವ ಕೈ ತಿನ್ನುವ ಬಾಯಿಯ ಕಡೆಯಿಂದ ಯೋಚಿಸಿದ ಕ್ಷಣ ಅದು.

ಈಗ ಕೂಳೂರಿಗೆ ಮರಳಬಹುದು. ಕರಾವಳಿಯಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಕಾಲದಲ್ಲಿ ಕೊನೆಯ ಕೊಯ್ಲು ಮುಗಿದ ಮೇಲೆ ದನಗಳ ಹಗ್ಗ ಬಿಚ್ಚಿ ಬೈಲಿಗೆ ಬಿಡುತ್ತಿದ್ದರು. ಗದ್ದೆಯ ಹುಣಿ ಆಗ ಯಾರದೂ ಅಲ್ಲ. ಆ ಗದ್ದೆಗಳಲ್ಲಿ ಎಷ್ಟೋ ಕಡೆ ಇಂದು ಮಣ್ಣು ತುಂಬಿ ಕಟ್ಟಡ ಎದ್ದಿದೆ. ಬಂಗ್ರಕೂಳೂರಿನಲ್ಲಿ ಕಂಬಳ ನಡೆಯುವಾಗ ಪ್ರಾಣಿಹಿಂಸೆಯ ಮಾತು ಬರುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಆಟಗಳಿಗೆ ತಡೆ ಹಾಕಿದ್ದು, ಆಮೇಲೆ ಕಾನೂನಿಗೆ ತಿದ್ದುಪಡಿ ಬಂದದ್ದು, 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದದ್ದು ಎಲ್ಲವೂ ಸುದ್ದಿ. ಬೆತ್ತ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಅದರ ಬಗ್ಗೆ ವಾದ. ತಿನಿಸಿನ ಹಿಂಸೆ ಕಾಣುವುದಿಲ್ಲ. ಪಕ್ಕದ ಪಣಂಬೂರಿನ ಗೊಬ್ಬರದ ಕಾರ್ಖಾನೆಯಿಂದ ಹೊರಟ ಯೂರಿಯಾ ಚೀಲ ಘಟ್ಟ ಹತ್ತುತ್ತದೆ; ಅಂಥದೊಂದು ಚೀಲ ಯಾವುದೋ ತರಕಾರಿ ಹೊಲದಲ್ಲಿ ಬೇಕಾದ್ದಕ್ಕಿಂತ ಎರಡು ಬೊಗಸೆ ಹೆಚ್ಚು ಸುರಿದರೆ, ಅದೇ ಹೊಲದ ಗೆಡ್ಡೆ ಕೂಳೂರಿನ ಅಂಗಡಿಗೆ ಇಳಿದು ಬರುತ್ತದೆ. ಚೀಲ ಮಾಡಿದವರದು ತಪ್ಪಲ್ಲ, ತರಕಾರಿ ಕೊಂಡವರದೂ ಅಲ್ಲ. ಆದರೂ ಸರಪಳಿಯ ಎರಡು ತುದಿ ಹೆದ್ದಾರಿಯ ಇದೇ ತುಂಡಿನಲ್ಲಿವೆ.

ಸೊಪ್ಪಿನ ಸಮೇತ ಬಂದ ಬೀಟ್‌ರೂಟನ್ನು ಅಂಗಡಿಯಲ್ಲಿ ತೂಗುವ ಮೊದಲು ತಲೆ ತಿರುಚುತ್ತಾರೆ. ಕೆಂಪು ದಂಟಿನ ಎಲೆಗಳು ಕಾಲಬುಡದಲ್ಲಿ ರಾಶಿ ಬೀಳುತ್ತವೆ. ಮನೆಗೆ ಹೋದ ಸೊಪ್ಪಾದರೆ ಹೆಚ್ಚುವ ಮಣೆಯಿಂದ ನೇರ ಪ್ಲಾಸ್ಟಿಕ್ ತೊಟ್ಟೆಗೆ ಇಳಿಯುತ್ತದೆ. ತೊಟ್ಟೆಗೆ ಎರಡು ಗಂಟು, ಆಮೇಲೆ ರಸ್ತೆಬದಿ. ಬಿಡಾಡಿ ದನ ಬಂದು ಮೂಸುತ್ತದೆ. ಅದಕ್ಕೆ ಗಂಟು ಬಿಚ್ಚಲು ಬೆರಳಿಲ್ಲ, ಹೀಗಾಗಿ ತೊಟ್ಟೆಯ ಸಮೇತ ಜಗಿಯುತ್ತದೆ. ಹಿಡಿ ಸೊಪ್ಪಿನ ಆಮ್ಲವನ್ನು ಅಷ್ಟು ದೊಡ್ಡ ಮೇವುಚೀಲ ಅರಗಿಸಿಕೊಂಡೀತು, ಪ್ಲಾಸ್ಟಿಕ್ ಮಾತ್ರ ಅಲ್ಲೇ ಉಳಿದು ವರ್ಷಗಳ ಕಾಲ ಮುದ್ದೆ ಕಟ್ಟುತ್ತ ಹೋಗುತ್ತದೆ. ದನಕ್ಕೆ ಸೊಪ್ಪು ಸಿಗಲಿ ಎಂದೇ ರಸ್ತೆಬದಿ ಇಟ್ಟೆವು ಎನ್ನುವವರಿದ್ದಾರೆ, ಅವರ ಮಾತು ಸುಳ್ಳಲ್ಲ. ಗಂಟು ಹಾಕಿದ್ದು ಅದೇ ಕೈ.